ನಾನಿಲ್ಲದೆ ನಡೆಯಬೇಕಾದ ಕೆಲಸ

ಒಬ್ಬನೇ ಇರುವವನ ಬದುಕಿನಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ, ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ತೊಂದರೆ ಏನೆಂದರೆ, ನಡೆದಾಗ ಪಕ್ಕದಲ್ಲಿ ನೋಡಿ ನಗುವವರು ಯಾರೂ ಇರುವುದಿಲ್ಲ. ನಾವೇ ನಗಬೇಕು, ನಾವೇ ಸುಮ್ಮನಾಗಬೇಕು.

ನಾನು ಗದಗಿನವನು. ಹೊಟ್ಟೆಪಾಡು ವಿಶಾಖಪಟ್ಟಣದಲ್ಲಿ, ಎಲ್ಲರ ಬಾಯಲ್ಲಿ ಅದು ವೈಜಾಗು. ಬಂದರಿನಿಂದ ಹೊರದೇಶಕ್ಕೆ ಹೋಗುವ ಸರಕಿನ ಕಾಗದಪತ್ರ ನೋಡಿಕೊಳ್ಳುವ ಒಂದು ಖಾಸಗಿ ಕಂಪನಿಯ ಶಾಖೆಗೆ ನಾನು ಮುಖ್ಯಸ್ಥ. ವಾಸ ಅದೇ ಊರಿನ ಗಾಜುವಾಕ ಬಡಾವಣೆಯ ಒಂದು ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ. ಹೆಂಡತಿ ಗದಗಿನಲ್ಲಿ ಶಾಲಾ ಶಿಕ್ಷಕಿ. ಸರ್ಕಾರಿ ನೌಕರಿ, ರಾಜ್ಯ ದಾಟಿ ಬರುವ ಹಾಗಿಲ್ಲ. ಮಗಳು ಅಲ್ಲೇ ಪಿಯುಸಿ ಓದುತ್ತಿದ್ದಾಳೆ. ಹೀಗಾಗಿ ನಮ್ಮ ಸಂಸಾರ ನಡೆಯುವುದು ಮೊಬೈಲಿನಲ್ಲಿ. ಹಬ್ಬಕ್ಕೆ ಊರಿಗೆ ಹೋದರೆ ಅಕ್ಕಪಕ್ಕದವರು ನನ್ನನ್ನು ನೆಂಟರನ್ನು ಮಾತಾಡಿಸುವ ಹಾಗೆ, 'ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ' ಎಂದು ಮಾತಾಡಿಸುತ್ತಾರೆ.

ಸಮಯದ ಗುರುಗಳು

ನಮ್ಮ ಹೆಡ್ಡಾಫೀಸು ವಿಜಯವಾಡದಲ್ಲಿ. ಅಲ್ಲಿನ ಸಾಹೇಬರಿಗೆ ಒಮ್ಮೆ ಒಂದು ಅನುಮಾನ ಬಂತು: ನಾವು ಕೆಲಸವನ್ನು ಓಡಿಸುತ್ತಿಲ್ಲ, ಕೆಲಸವೇ ನಮ್ಮನ್ನು ಓಡಿಸುತ್ತಿದೆ ಎಂದು. ಎಲ್ಲ ಶಾಖೆಯವರನ್ನೂ ಕರೆಸಿ ಒಂದು ಹೋಟೆಲಿನ ಹಾಲಿನಲ್ಲಿ ತರಬೇತಿ ಇಟ್ಟರು. ಕೆಲಸದ ಮೇಲೆ ಹಿಡಿತ ಸಾಧಿಸುವುದು ಹೇಗೆ, ಸಮಯವನ್ನು ಕೈಯಲ್ಲಿಟ್ಟುಕೊಳ್ಳುವುದು ಹೇಗೆ ಎಂಬುದು ವಿಷಯ. ಹೇಳಿಕೊಡಲು ಹೈದರಾಬಾದಿನಿಂದ ಒಬ್ಬ ತರಬೇತುದಾರರು ಬಂದಿದ್ದರು.

ಬೆಳಿಗ್ಗೆ ನಾವೆಲ್ಲ ಬಂದು ಕೂತೆವು. ತರಬೇತುದಾರರು ಬರಲಿಲ್ಲ. ಎರಡು ಸಲ ಕಾಫಿ ಆಯಿತು, ಆಗಲೂ ಬರಲಿಲ್ಲ. ವಿಜಯವಾಡಕ್ಕೆ ಬಂದು ಅಮ್ಮನವರನ್ನು ನೋಡದೆ ಹೋಗುವುದು ಹೇಗೆ ಎಂದು, ಬೆಳಿಗ್ಗೆಯೇ ಒಂದು ಗಳಿಗೆ ಹೋಗಿಬರೋಣವೆಂದು ಅವರು ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತಿದ್ದರು. ಅವತ್ತು ಶುಕ್ರವಾರ. ಶುಕ್ರವಾರದ ಸರತಿ ಹೇಗಿರುತ್ತದೆಂದು ಹೈದರಾಬಾದಿನವರಿಗೆ ಗೊತ್ತಿರಲಿಲ್ಲ. ಕೊನೆಗೆ ಹಣೆ ತುಂಬ ಕುಂಕುಮ, ಕೈಯಲ್ಲಿ ನಮಗೆಲ್ಲ ಪ್ರಸಾದವೆಂದು ತಂದ ಪುಳಿಹೋರದ, ಅಂದರೆ ಪುಳಿಯೋಗರೆಯ, ಪೊಟ್ಟಣಗಳೊಂದಿಗೆ ಏದುಸಿರು ಬಿಡುತ್ತ ಬಂದು ಮೈಕ್ ಹಿಡಿದರು. "ಸ್ನೇಹಿತರೇ, ಸಮಯ ನಮ್ಮ ಕೈಯಲ್ಲಿದೆ" ಎಂದರು. ಹಿಂದಿನ ಸಾಲಿನಿಂದ ಒಬ್ಬರು, "ಸಾರ್, ಊಟದ ಸಮಯವಾಯಿತು" ಎಂದರು.

ಊಟದ ಹೊತ್ತಿಗೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಹುಬ್ಬಳ್ಳಿಯಲ್ಲಿ ನಮ್ಮದೊಂದು ಒಂದೇ ಆಳಿನ ಕಚೇರಿಯಿತ್ತು. ಬ್ಯಾಡಗಿ ಮೆಣಸಿನಕಾಯಿ ಹೊರಗೆ ಕಳಿಸುವ ವ್ಯಾಪಾರಿಗಳ ಕೆಲಸ ಅಲ್ಲಿಂದ ನಡೆಯುತ್ತಿತ್ತು. ಅಲ್ಲಿದ್ದ ಹಿರಿಯರು ನಿವೃತ್ತರಾಗುವವರಿದ್ದರು. ಆ ಜಾಗ ನನಗೆ ಕೊಡಿ ಎಂದು ಸಾಹೇಬರ ಬೆನ್ನು ಬಿದ್ದಿದ್ದೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಒಂದು ನಿದ್ದೆ ತೆಗೆಯುವುದರೊಳಗೆ ಗದಗು. ದಿನವೂ ಮನೆಗೆ ಹೋಗಿ ಉಣ್ಣಬಹುದು.

"ಕೊಡೋಣ" ಎಂದರು ಸಾಹೇಬರು. "ಒಂದೇ ಶರತ್ತು. ವೈಜಾಗಿನ ಕೆಲಸ ನೀವಿಲ್ಲದೆ ನಡೆಯಬೇಕು. ನಡೆದ ದಿನ ಹುಬ್ಬಳ್ಳಿ ನಿಮ್ಮದು."

ಸಂಜೆ ಎಲ್ಲರಿಗೂ ಒಂದು ಚೀಟಿ ಕೊಟ್ಟು, ಇವತ್ತಿನ ತರಬೇತಿಯಲ್ಲಿ ನಿಮಗೆ ಹೆಚ್ಚು ಉಪಯೋಗವಾದದ್ದು ಯಾವುದು ಎಂದು ಕೇಳಿದರು. ಉಳಿದವರೆಲ್ಲ 'ಪುಳಿಹೋರ' ಎಂದು ಬರೆದರು. 'ಪ್ರತಿಯೊಂದು ಮಾತೂ' ಎಂದು ಬರೆದವನು ನಾನೊಬ್ಬನೇ.

ತಿಂಡಿ ಬಿಟ್ಟವನು

ತರಬೇತುದಾರರ ಮೊದಲ ಪಾಠ, ಬೆಳಗಿನ ಹೊತ್ತನ್ನು ಹಾಳುಮಾಡಬೇಡಿ ಎಂಬುದು. ನನ್ನ ಬೆಳಗಿನಲ್ಲಿ ಹಾಳಾಗುತ್ತಿದ್ದದ್ದು ತಿಂಡಿಯ ಹೊತ್ತು. ಉಪ್ಪಿಟ್ಟು ಒಬ್ಬನಿಗಾದರೂ ಒಗ್ಗರಣೆ ಹಾಕಲೇಬೇಕು, ನಾಲ್ಕು ಜನಕ್ಕಾದರೂ ಅಷ್ಟೇ ಕೆಲಸ. ಒಬ್ಬನೇ ನಿಂತು ತಿಂದು, ಒಂದೇ ತಟ್ಟೆ ತೊಳೆದಿಡುವಾಗ ಬೇಜಾರೂ ಆಗುತ್ತಿತ್ತು. ತಿಂಡಿ ಬಿಟ್ಟುಬಿಟ್ಟೆ.

ಕೆಳಗಿನ ಮನೆಯಲ್ಲಿ ನಮ್ಮ ಓನರಮ್ಮ ಇದ್ದಾರೆ. ದಿನವೂ ಗೇಟಿನ ಹತ್ತಿರ ಸಿಕ್ಕು, "ಟಿಫಿನ್ ಚೇಶಾರಾ ಬಾಬು?" ಎಂದು ಕೇಳುತ್ತಾರೆ. ತಿಂಡಿ ಆಯಿತಾ ಎಂದು ಕೇಳಿದರೆ ಆಯಿತು ಎನ್ನಬೇಕು, ಇದು ಗದಗಿನಲ್ಲೂ ರೂಢಿ, ಗಾಜುವಾಕದಲ್ಲೂ ರೂಢಿ. ಅವತ್ತು ಮಾತ್ರ ನಾನು ಸಮಯವನ್ನು ಗೆದ್ದ ಹುಮ್ಮಸ್ಸಿನಲ್ಲಿದ್ದೆ. "ಇಲ್ಲಮ್ಮಾ, ಇನ್ನು ಮೇಲೆ ತಿಂಡಿಯೇ ಇಲ್ಲ. ಹೊತ್ತು ಉಳಿಸುತ್ತಿದ್ದೇನೆ" ಎಂದೆ.

ಅವರು ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟರು. "ಉಳಿಸಿ ಯಾರಿಗೆ ಕೊಡುತ್ತೀರಿ?" ಎಂದು ಕೇಳಿದರು.

ಉತ್ತರಕ್ಕೂ ಕಾಯದೆ ನನ್ನನ್ನು ಜಗಲಿಯಲ್ಲಿ ಕೂರಿಸಿ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ತಂದು ಕೊಟ್ಟರು. ಮಾರನೆಯ ದಿನಕ್ಕೆ ಸುದ್ದಿ ಬೀದಿಯೆಲ್ಲ ಹರಡಿತ್ತು. ನನಗೇನೋ ಕಾಯಿಲೆ ಎಂದು ನಂಬಿದ ಎದುರು ಮನೆಯವರು ರಾಗಿ ಅಂಬಲಿ ಕಳಿಸಿದರು. ಹೆಂಡತಿಯೊಂದಿಗೆ ಜಗಳ ಎಂದು ನಂಬಿದ ಪಕ್ಕದ ಮನೆಯವರು ಇಡ್ಲಿಯ ಜೊತೆಗೆ ಬುದ್ಧಿವಾದವನ್ನೂ ಕಳಿಸಿದರು. ಓನರಮ್ಮನ ದೋಸೆ ಅದಾಗಲೇ ಆಗಿತ್ತು. ಒಂದು ತಿಂಡಿಯ ಹೊತ್ತು ಉಳಿಸಲು ಹೋದವನು ಮೂರು ತಿಂಡಿ ತಿಂದು, ಬಸ್ಸು ತಪ್ಪಿಸಿಕೊಂಡು, ಆಟೋ ಹಿಡಿದು ಕಚೇರಿಗೆ ತಡವಾಗಿ ಹೋದೆ. ನಿಜ ಹೇಳಬೇಕೆಂದರೆ, ಎದುರಿಗೆ ಕೂತು 'ಇನ್ನೊಂದು ಹಾಕಲಾ' ಎನ್ನುವವರು ಸಿಕ್ಕಿ ಬಹಳ ಕಾಲವಾಗಿತ್ತು. ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಒಂದು ವಾರದ ನಂತರ ಮತ್ತೆ ಉಪ್ಪಿಟ್ಟು ಶುರು ಮಾಡಿದೆ. ಆದರೆ ಓನರಮ್ಮನಿಗೆ ನನ್ನ ಮೇಲೆ ನಂಬಿಕೆ ಹೋಗಿದೆ. "ಆಯಿತಮ್ಮಾ" ಎಂದರೆ, "ಒಗ್ಗರಣೆ ವಾಸನೆ ಕೆಳಗೆ ಬರಲೇ ಇಲ್ಲವಲ್ಲ?" ಎಂದು ಅಡ್ಡ ನಿಲ್ಲುತ್ತಾರೆ.

ಗಾಜಿನ ಬಾಗಿಲು

ಎರಡನೆಯ ಪಾಠ, ದಿನದಲ್ಲಿ ಒಂದಷ್ಟು ಹೊತ್ತು ಬಾಗಿಲು ಮುಚ್ಚಿಕೊಂಡು ಕೂರಿ, ಯಾರನ್ನೂ ಒಳಗೆ ಬಿಡಬೇಡಿ ಎಂಬುದು. ನಮ್ಮ ಕಚೇರಿಯಲ್ಲಿ ಅದುವರೆಗೆ ಬಾಗಿಲು ಮುಚ್ಚಿದ್ದೇ ಇಲ್ಲ. ಯಾರು ಬೇಕಾದರೂ ಬರುತ್ತಿದ್ದರು. ಒಂದು ಸಹಿ ಬೇಕಾದರೆ ಮೊದಲು ಬಿಸಿಲಿನ ಮಾತು, ಆಮೇಲೆ ತಮ್ಮನ ಮದುವೆಯ ಮಾತು, ಆಮೇಲೆ ಹಡಗಿನ ಮಾತು, ಕೊನೆಗೆ ಸಹಿ.

ಬಾಗಿಲು ಮುಚ್ಚಿದೆ. ಆದರೆ ಅದು ಗಾಜಿನ ಬಾಗಿಲು. ಐದು ನಿಮಿಷಕ್ಕೆ ನಮ್ಮ ಹಿರಿಯ ಗುಮಾಸ್ತರು ಆಚೆ ಬಂದು ನಿಂತರು. ಒಳಗೆ ಬರಬೇಡಿ ಎಂದು ಹೇಳಿದ್ದೆನಲ್ಲ, ಅವರು ಬರಲಿಲ್ಲ. ಕಾಗದವನ್ನು ಗಾಜಿಗೆ ಅಂಟಿಸಿ ಹಿಡಿದರು. ನಾನು ಎದ್ದು ಹೋಗಿ ಓದಿ, ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ತಲೆಯಾಡಿಸಿ ಮುಂದಿನ ಮೇಜಿಗೆ ಕಳಿಸಿದರು. ಬಿಸಿಲಿಲ್ಲ, ಮದುವೆಯಿಲ್ಲ, ಕ್ಷಣದಲ್ಲಿ ಕೆಲಸವಾಯಿತು. ಎಲ್ಲರಿಗೂ ಇದು ಹಿಡಿಸಿತು. ಹೆಬ್ಬೆರಳು ಎತ್ತಿದರೆ ಸರಿಯಿದೆ, ಮುಂದೆ ಕಳಿಸಿ. ಕೈ ಅಲ್ಲಾಡಿಸಿದರೆ ತಿದ್ದಿ ತನ್ನಿ. ಸಾಯಂಕಾಲದವರೆಗೂ ಬಾಗಿಲು ಮುಚ್ಚೇ ಇರತೊಡಗಿತು.

ಕಷ್ಟವಾದದ್ದು ಮಧ್ಯಾಹ್ನ. ನಮ್ಮಲ್ಲಿ ಊಟದ ಹೊತ್ತಿಗೆ ಎಲ್ಲರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಪಲ್ಯ, ಪಚ್ಚಡಿ, ಪಪ್ಪು ಎನ್ನುವ ತೊವ್ವೆ ಎಲ್ಲವೂ ಎಲ್ಲರದ್ದು. ಮೊದಲು ನನ್ನನ್ನೂ ಕರೆಯುತ್ತಿದ್ದರು. ಈಗ ಸಾರ್ ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು ಎಂದು ಸುಮ್ಮನಿದ್ದರು. ಗಾಜಿನ ಈಚೆ ನಾನು ಒಬ್ಬನೇ ಮೊಸರನ್ನ ಕಲಸುತ್ತ ಅವರ ನಗು ನೋಡುತ್ತಿದ್ದೆ. ಬಾಗಿಲು ತೆಗೆದು ಹೋಗಿಬಿಡೋಣ ಎನಿಸುತ್ತಿತ್ತು. ಹುಬ್ಬಳ್ಳಿ ನೆನಪಾಗಿ ಕೂತುಬಿಡುತ್ತಿದ್ದೆ.

ಒಂದು ದಿನ ಗುಮಾಸ್ತರಿಗೆ ಕರುಣೆ ಬಂತು. ಅವರ ಮನೆಯಿಂದ ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿ ಸೊಪ್ಪಿನ ಚಟ್ನಿ, ಬಂದಿತ್ತು. ಡಬ್ಬಿಯನ್ನು ಗಾಜಿನ ಹತ್ತಿರ ತಂದು, ಮುಚ್ಚಳ ತೆಗೆದು, ಬೇಕಾ ಎಂದು ಹುಬ್ಬು ಹಾರಿಸಿದರು. ಸಂತೋಷದಲ್ಲಿ ನಾನು ಎರಡೂ ಹೆಬ್ಬೆರಳು ಎತ್ತಿದೆ. ಅವರು ಶಿಸ್ತಿನ ಮನುಷ್ಯರು. ತಲೆಯಾಡಿಸಿ ಡಬ್ಬಿಯನ್ನು ಮುಂದಿನ ಮೇಜಿಗೆ ಕಳಿಸಿದರು. ಅಲ್ಲಿ ಅದು ಒಂದೇ ಗಳಿಗೆಯಲ್ಲಿ ಖಾಲಿಯಾಯಿತು.

ಮನೆಯೊಂದಿಗೆ ಸಭೆ

ಮೂರನೆಯ ಪಾಠ, ಯಾವ ಮಾತುಕತೆಯಾದರೂ ಮೊದಲೇ ವಿಷಯಗಳನ್ನು ಹೇಳಿ, ಒಂದೊಂದಾಗಿ ಮುಗಿಸಿ, ಎದ್ದು ಬಿಡಿ ಎಂಬುದು. ಕಚೇರಿಯಲ್ಲಿ ಇದು ಚೆನ್ನಾಗಿ ನಡೆಯಿತು. ರೂಢಿಯಾಗಿಬಿಟ್ಟಿತ್ತು, ಸಂಜೆ ಮನೆಗೆ ಫೋನು ಮಾಡಿದಾಗಲೂ ಹಾಗೇ ಬಂತು.

"ಇವತ್ತು ಮೂರು ವಿಷಯ ಐತಿ" ಎಂದೆ ಹೆಂಡತಿಗೆ. "ಒಂದು, ನಿನ್ನ ಮಂಡಿ ನೋವು. ಎರಡು, ಮಗಳ ಪರೀಕ್ಷೆ. ಮೂರು, ಬಚ್ಚಲದಾಗಿನ ನಳ."

"ಯಾಕ್ರಿ, ಆರಾಮ ಅದೀರಿಲ್ಲೋ? ಬಾಜೂಕ ಯಾರರ ನಿಂತಾರೇನು?"

"ಯಾರೂ ಇಲ್ಲ. ಹಿಂಗ ಮಾತಾಡಿದ್ರ ಹೊತ್ತು ಉಳೀತೈತಿ."

ಅವಳು ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಹೇಳಿದಳು: "ಮಂಡಿ ನೋವು ಐತಿ. ಪರೀಕ್ಷೆ ಆತು. ನಳ ಸೋರಾಕತ್ತೈತಿ. ಮುಂದ?"

"ಮುಂದ ಏನಿಲ್ಲ."

ಮಗಳು ಫೋನು ಕಿತ್ತುಕೊಂಡಳು. ಕಾಲೇಜಿನ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುವ ಹುಡುಗಿ. "ಇಷ್ಟು ದೂರದಿಂದ ಕರೆ ಮಾಡಿ ಸಭೆಗೆ ಕಳೆ ತಂದ ನಮ್ಮ ಪಪ್ಪಾ ಅವರಿಗೂ, ಉದ್ದಕ್ಕೂ ಸೋರಿ ಸಹಕರಿಸಿದ ನಳಕ್ಕೂ ಹೃತ್ಪೂರ್ವಕ ವಂದನೆಗಳು" ಎಂದು ಹೇಳಿ ಫೋನು ಇಟ್ಟಳು.

ಮೊದಲಾದರೆ ನಮ್ಮ ಮಾತು ಅನ್ನಕ್ಕೆ ಇಟ್ಟಾಗ ಶುರುವಾಗಿ ಉಂಡು ಕೈ ತೊಳೆಯುವವರೆಗೂ ಸಾಗುತ್ತಿತ್ತು. ಓಣಿಯಲ್ಲಿ ಯಾರ ಆಕಳು ಕರು ಹಾಕಿತು, ಹೆಡ್‌ಮಾಸ್ತರರು ಯಾರ ಮೇಲೆ ಸಿಟ್ಟಾದರು ಎಲ್ಲ ನನಗೆ ಗೊತ್ತಿರುತ್ತಿತ್ತು. ಈಗ ಮಾತು ಮುಗಿದರೂ ಅನ್ನಕ್ಕೆ ಇನ್ನೂ ಕುದಿ ಬಂದಿರಲಿಲ್ಲ. ಉಳಿಸಿದ ಹೊತ್ತನ್ನು ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಕುಕ್ಕರಿನ ಎದುರು ನಿಂತು ತಡೆಯಲಾಗದೆ ಮತ್ತೆ ಫೋನು ಮಾಡಿದೆ.

"ಮತ್ತೇನ್ರಿ?" ಎಂದಳು.

"ಏನಿಲ್ಲ, ಹಿಂದಿನ ಸಭೆಯ ನಡಾವಳಿ ಓದೋದು ಉಳಿದಿತ್ತು."

ರೈಲಿನ ಹಿರಿಯರು

ಅಂತೂ ಕೆಲಸ ಹತೋಟಿಗೆ ಬಂತು. ಯಾವ ಕಾಗದ ಯಾರು ನೋಡಬೇಕು, ಅವರಿಲ್ಲದಿದ್ದರೆ ಯಾರು ನೋಡಬೇಕು ಎಂದು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕಲಿಸಿದೆ. ನನಗೆ ಮಾತ್ರ ಗೊತ್ತಿರುವ ಕೆಲಸ ಒಂದೂ ಉಳಿಯಲಿಲ್ಲ. ಸಾಹೇಬರು ಪರೀಕ್ಷೆ ಇಟ್ಟರು: ಒಂದು ವಾರ ವಿಜಯವಾಡಕ್ಕೆ ಬಂದಿರಿ, ವೈಜಾಗು ನಡೆಯುತ್ತದೋ ಇಲ್ಲವೋ ನೋಡೋಣ ಎಂದರು.

ಬೆಳಗಿನ ರೈಲು ಹತ್ತಿ, ಪ್ರಯಾಣದ ಹೊತ್ತನ್ನೂ ವ್ಯರ್ಥ ಮಾಡಬಾರದೆಂದು ಲ್ಯಾಪ್‌ಟಾಪ್ ತೆರೆದೆ. ಎದುರಿಗೆ ಒಂದು ವಯಸ್ಸಾದ ಜೋಡಿ. ಅನಕಾಪಲ್ಲಿ ಸ್ಟೇಷನ್ ದಾಟುವುದರೊಳಗೆ ನನ್ನ ಊರು, ಜಾತಕ, ನೌಕರಿ ಎಲ್ಲ ವಿಚಾರಿಸಿದರು. ತುನಿ ಬರುವ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಪೇಪರು ಹಾಸಿ, ಅಜ್ಜಿ ಚಿತ್ರಾನ್ನ ಬಡಿಸಿದರು. "ಹೆಂಡತಿಯನ್ನು ಬಿಟ್ಟು ಯಾಕೆ ಇದ್ದೀರಿ?" ಎಂದು ಕೇಳಿದರು. ನಾನು ಇಲ್ಲದೆ ಕೆಲಸ ನಡೆದರೆ ಮನೆಯ ಹತ್ತಿರಕ್ಕೆ ವರ್ಗವಾಗುತ್ತದೆ, ಅದಕ್ಕೇ ಈ ಪಾಡು ಎಂದು ವಿವರಿಸಿದೆ.

ಅಜ್ಜ ಯಾವುದೋ ಸರ್ಕಾರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಯೋಚಿಸುತ್ತಲೇ ಚಿತ್ರಾನ್ನ ಮುಗಿಸಿ ಕೈ ತೊಳೆದು ಬಂದರು. ಗೋದಾವರಿ ಸೇತುವೆ ಬಂತು. ಎಲ್ಲರೂ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದರು. ಅಜ್ಜಿ ನನ್ನ ಕೈಗೂ ಒಂದು ನಾಣ್ಯ ಕೊಟ್ಟು, "ಬೇಡಿಕೊಳ್ಳಿ ಬಾಬು, ತಾಯಿ ಕೊಡುತ್ತಾಳೆ" ಎಂದರು. ನಾನು ಹುಬ್ಬಳ್ಳಿ ಬೇಡಿಕೊಂಡೆ. ಗೊತ್ತಿಲ್ಲದವರ ಜೊತೆ ನಿಂತು ಬೇಡಿಕೊಳ್ಳುವಾಗ ಕಣ್ಣು ಮಂಜಾಯಿತು.

ಆಗ ಅಜ್ಜ ಬಾಯಿ ಬಿಟ್ಟರು. "ಕಾಲ ಬಹಳ ಬದಲಾಗಿದೆ. ನಮ್ಮ ಇಲಾಖೆಯಲ್ಲಿ, ನಾವು ಇದ್ದರೆ ಕೆಲಸ ನಡೆಯುವುದಿಲ್ಲ ಎಂದು ವರ್ಗ ಮಾಡುತ್ತಿದ್ದರು!"

ಸುಮ್ಮನಿದ್ದ ಫೋನು

ವಿಜಯವಾಡದಲ್ಲಿ ಒಂದು ಲಾಡ್ಜಿನಲ್ಲಿ ಇಳಿದೆ. ಹೆಡ್ಡಾಫೀಸಿನಲ್ಲಿ ಒಂದು ಮೂಲೆಯಲ್ಲಿ ಕೂತಿರುವುದಷ್ಟೇ ನನ್ನ ಕೆಲಸ. ಮೊದಲ ದಿನ ವೈಜಾಗಿನಿಂದ ಫೋನು ಬರಲಿಲ್ಲ. ಸಂತೋಷವಾಯಿತು. ಎರಡನೆಯ ದಿನವೂ ಬರಲಿಲ್ಲ. ಸಂತೋಷ ಸ್ವಲ್ಪ ಕಡಿಮೆಯಾಯಿತು. ಮೂರನೆಯ ದಿನ ಸಂಜೆ ಕೃಷ್ಣಾ ನದಿಯ ಕಟ್ಟೆಯ ಮೇಲೆ ನಡೆಯುತ್ತ, ಹತ್ತು ಹೆಜ್ಜೆಗೊಮ್ಮೆ ಜೇಬಿನಿಂದ ಫೋನು ತೆಗೆದು ನೋಡಿದೆ. ಇಷ್ಟು ವರ್ಷ ಇದ್ದೆನಲ್ಲ, ಒಬ್ಬರಿಗಾದರೂ ಒಂದು ಅನುಮಾನವಾದರೂ ಬರಬಾರದೇ ಎಂದು ಹೊಟ್ಟೆ ಉರಿಯಿತು. ಬಂದಿದ್ದರೆ ಹುಬ್ಬಳ್ಳಿ ಕೈತಪ್ಪುತ್ತಿತ್ತು, ಅದೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ತಡೆಯಲಾಗದೆ ನಾನೇ ಗುಮಾಸ್ತರಿಗೆ ಫೋನು ಮಾಡಿದೆ. "ಎಲ್ಲ ಸರಿಯಿದೆಯಾ?"

"ಸರಿಯಿದೆ ಸಾರ್. ಕೆಲಸದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಫೋನು ಮಾಡಬಾರದು ಅಂತ ನೀವೇ ಹೇಳಿದ್ದೀರಲ್ಲ ಸಾರ್" ಎಂದು ವಿನಯದಿಂದ ಫೋನು ಇಟ್ಟರು.

ಫೋನೇ ಕೆಟ್ಟಿರಬಹುದೆಂದು ಲಾಡ್ಜಿನ ಮ್ಯಾನೇಜರ್‌ಗೆ ನಂಬರು ಕೊಟ್ಟು, ಒಮ್ಮೆ ಮಾಡಿ ನೋಡಿ ಎಂದೆ. ಅದು ಜೋರಾಗಿ ಹೊಡೆದುಕೊಂಡಿತು. ಅವರು ಕೌಂಟರಿನ ಆಚೆಯಿಂದ ನನ್ನ ಮುಖ ನೋಡಿ, ನಂಬರನ್ನು ಬರೆದಿಟ್ಟುಕೊಂಡರು. ಮಾರನೆಯ ದಿನದಿಂದ ದಿನಾ ಸಂಜೆ ಫೋನು ಬರತೊಡಗಿತು. ಓಡಿಹೋಗಿ ಎತ್ತಿದರೆ ಕೌಂಟರಿನಿಂದ ಅವರೇ: "ಏನಿಲ್ಲ ಸಾರ್, ಸುಮ್ಮನೆ ಮಾಡಿದೆ. ಊಟ ಆಯಿತಾ?"

ಹುಬ್ಬಳ್ಳಿ ಬಂದದ್ದು

ವಾರ ಮುಗಿಯಿತು. ಸಾಹೇಬರು ಎದ್ದು ನಿಂತು ಕೈ ಕುಲುಕಿದರು. "ಅದ್ಭುತ! ನೀವಿಲ್ಲ ಅಂತ ಒಂದು ಹಡಗಿಗೂ ಗೊತ್ತಾಗಲಿಲ್ಲ. ಗೆದ್ದಿರಿ."

ನಾನು ಮನಸ್ಸಿನಲ್ಲೇ ಗಾಜುವಾಕದ ಮನೆಯ ಸಾಮಾನು ಕಟ್ಟುತ್ತಿದ್ದೆ.

"ನಿಮ್ಮ ಕ್ರಮ ನನಗೆ ಎಷ್ಟು ಹಿಡಿಸಿತೆಂದರೆ" ಎಂದು ಸಾಹೇಬರು ಮುಂದುವರಿಸಿದರು, "ಎಲ್ಲ ಶಾಖೆಗಳಿಗೂ ಕಳಿಸಿದೆ. ಹುಬ್ಬಳ್ಳಿಗೂ. ಅಲ್ಲಿಯ ನಮ್ಮ ಹಿರಿಯರು ಪಾಪ, ನಿವೃತ್ತಿಯ ಮೊದಲು ಶ್ರದ್ಧೆಯಿಂದ ಮಾಡಿದರು. ವ್ಯಾಪಾರಿಗಳು ನೇರವಾಗಿ ವೈಜಾಗಿಗೇ ಕಾಗದ ಕಳಿಸುವ ಹಾಗೆ ಮಾಡಿಟ್ಟಿದ್ದಾರೆ. ಈಗ ಹುಬ್ಬಳ್ಳಿಯೂ ಅವರಿಲ್ಲದೆ ನಡೆಯುತ್ತಿದೆ."

"ಹಾಗಾದರೆ ನಾನು..."

"ಯಾರೂ ಇಲ್ಲದೆ ನಡೆಯುವಾಗ ಕುರ್ಚಿ ಯಾಕೆ ಅಂತ ತೆಗೆದುಬಿಟ್ಟೆವು. ಆದರೆ ನಾನು ಮಾತಿಗೆ ತಪ್ಪುವವನಲ್ಲ. ಹುಬ್ಬಳ್ಳಿ ನಿಮ್ಮದು ಅಂದಿದ್ದೆ, ನಿಮ್ಮದೇ. ಅಲ್ಲಿಯ ಕೆಲಸವನ್ನೆಲ್ಲ ಇನ್ನು ಮೇಲೆ ನೀವೇ ನೋಡಿಕೊಳ್ಳಿ, ವೈಜಾಗಿನಲ್ಲೇ ಕೂತು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸುತ್ತ ಆಟೋಗಳು ಹೋಗುತ್ತಿದ್ದವು. ಹೆಂಡತಿಗೆ ಫೋನು ಮಾಡಿದೆ. ಒಂದು, ಎರಡು, ಮೂರು ಎಂದು ಹೇಳುವ ಶಕ್ತಿ ಇರಲಿಲ್ಲ. ನಡೆದದ್ದನ್ನು ಹೇಗೆ ಬಂತೋ ಹಾಗೆ ಹೇಳಿದೆ. ನಾನು ಇನ್ನು ಬರುವುದಿಲ್ಲ, ನಾನೇ ನನ್ನ ಕೈಯಾರೆ ಅಲ್ಲಿಯ ಜಾಗ ಇಲ್ಲದಂತೆ ಮಾಡಿಕೊಂಡೆ ಎಂದೆ.

ಅಳುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳ ದನಿಯಲ್ಲಿ ಇದ್ದದ್ದು ಸಿಟ್ಟು.

"ಅಲ್ರಿ, ಇದ್ಯಾವ ನ್ಯಾಯ? ಒಬ್ಬ ಮನಷ್ಯಾ ಇಲ್ದ ನಡದ್ರ ಅಂವನ ಕುರ್ಚಿ ತಗದಬಿಡೋದ? ಈ ಮನೀ ನೀವಿಲ್ದ ನಡ್ಯಾಕತ್ತು ಎಷ್ಟ ವರ್ಷ ಆತು! ನಾ ಏನರ ನಿಮ್ಮ ಕುರ್ಚಿ ತಗದೀನೇನು?"

"ಐತೇನು ಇನ್ನೂ?" ಎಂದೆ.

"ಪಡಸಾಲ್ಯಾಗ ಹಂಗ ಐತಿ" ಎಂದಳು. "ಸದ್ಯಕ ಇಸ್ತ್ರಿಗೆ ಹಾಕೋ ಅರಿವಿ ಒಟ್ಟೀನಿ ಅದರ ಮ್ಯಾಲ. ನೀವು ಬರೂಮುಂದ ಒಂದ ಮಾತು ಹೇಳ್ರಿ, ತಗೀತೀನಿ."